ಹಲಸಿನ ಕಪಾಟಿಗೆ ಬಿಳಿ ಬಣ್ಣ

ಹಲಸಿನ ಮರಕ್ಕೆ ನೇರವಾಗಿ ಬಿಳಿ ಬಣ್ಣ ಹೊಡೆದರೆ ಅದು ಬಿಳಿಯಾಗಿ ಉಳಿಯುವುದಿಲ್ಲ. ಮರುದಿನ ಬೆಳಿಗ್ಗೆ ನೋಡುವಾಗ ಗಂಟುಗಳ ಸುತ್ತ, ಹಲಗೆಯ ತುದಿಗಳಲ್ಲಿ ಅರಸಿನ ನೀರು ಚೆಲ್ಲಿದ ಹಾಗೆ ಕಲೆ ಎದ್ದಿರುತ್ತದೆ. ಇನ್ನೊಂದು ಕೋಟ್ ಹೊಡೆಯಿರಿ, ಮತ್ತೆ ಬರುತ್ತದೆ. ಮೂರನೆಯದಕ್ಕೂ ಬರುತ್ತದೆ. ಪೈಂಟ್ ಕಂಪೆನಿಯನ್ನು ಬೈದು ಪ್ರಯೋಜನವಿಲ್ಲ. ಹಲಸಿನ ತಿರುಳಿನಲ್ಲಿ ಮೋರಿನ್ ಎಂಬ ಹಳದಿ ವಸ್ತು ಉಂಟು. ಬೌದ್ಧ ಭಿಕ್ಷುಗಳ ಕಾಷಾಯಕ್ಕೆ ಬಣ್ಣ ಕಟ್ಟಲು ಈ ಮರದ ಚಕ್ಕೆಯನ್ನೇ ಕುದಿಸುತ್ತಿದ್ದರು. ಬಟ್ಟೆಗೆ ಹಿಡಿಯುವ ಬಣ್ಣ ನಮ್ಮ ಪೈಂಟಿನ ನೀರಿನಲ್ಲಿ ಕರಗಿ ಮೇಲೆ ಬಾರದೆ ಇದ್ದೀತೇ? ಪ್ರತಿ ಕೋಟಿನ ಜೊತೆಗೂ ಹೊಸ ನೀರು ಹೋಗುತ್ತದೆ, ಪ್ರತಿ ಸಲವೂ ಹಳದಿ ಕರಗಿ ಏರುತ್ತದೆ.

ಉಡುಪಿ, ಮಂಗಳೂರು ಕಡೆಯ ಹಳೆ ಮನೆಗಳಲ್ಲಿ ಹಲಸಿಗೆ ಬರವಿಲ್ಲ. ಮದ್ದಳೆಯಿಂದ ಹಿಡಿದು ಬಾಗಿಲ ದಾರಂದದವರೆಗೆ ಅದೇ ಮರ. ಇಲ್ಲಿ ಹೇಳುತ್ತಿರುವುದು ಅಂಥದ್ದೇ ಒಂದು ಎರಡು ಬಾಗಿಲಿನ ಕಪಾಟಿನ ಕೆಲಸ. ಆರು ಅಡಿ ಎತ್ತರ, ಮೂರು ಅಡಿ ಅಗಲ, ಒಂದೂವರೆ ಅಡಿ ಆಳ. ಬಾಗಿಲಿಗೆ ಚೌಕಟ್ಟು, ಅದರ ಗಾಡಿಯಲ್ಲಿ (ಒಳ ಅಂಚಿಗೆ ಕೊರೆದ ಸಂದಿನಲ್ಲಿ) ಕೂತ ಹಲಗೆ. ಕಬ್ಬಿಣದ ತಿರುಪು, ಹಿತ್ತಾಳೆಯ ಹಿಡಿಕೆ. ಒಳಗೆ ಹಳೆಯ ಫ್ರೆಂಚ್ ಪಾಲಿಶ್ (ಅರಗಿನ ಪಾಲಿಶ್), ಮುಂಭಾಗಕ್ಕೆ ಯಾವ ಕಾಲದಲ್ಲೋ ಬಳಿದ ಎನಾಮೆಲ್, ಹಿಂಬದಿಗೆ ಗೇರೆಣ್ಣೆ. ಕರಾವಳಿಯ ಒಂದೇ ಕಪಾಟಿನಲ್ಲಿ ಈ ಮೂರೂ ಸಿಗುವುದು ಅಪರೂಪವೇನಲ್ಲ, ಮೂರಕ್ಕೂ ಬೇರೆ ಬೇರೆ ಮದ್ದು. ಅಂದಹಾಗೆ, ಕಪಾಟು ಸಾಗುವಾನಿಯದ್ದೋ ಬೀಟೆಯದ್ದೋ ಆಗಿದ್ದರೆ ಬಣ್ಣದ ಆಸೆ ಬಿಟ್ಟು ಪಾಲಿಶ್ ಮಾಡಿಸಿ. ತೇಪೆ ಹಾಕಿದ, ಎರಡು ಮೂರು ಜಾತಿಯ ಹಲಗೆ ಸೇರಿಸಿದ ಕಪಾಟಿಗೆ ಮಾತ್ರ ಬಣ್ಣ ಸರಿ.

ಮೊದಲು ಕಾಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿದು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಗಾಳಿಯ ತೇವಾಂಶ ಶೇ. 90ರ ಹತ್ತಿರ ಇರುವಾಗ ಮರದೊಳಗಿನ ನೀರಿನ ಅಂಶ ಶೇ. 18ರಿಂದ 20ಕ್ಕೆ ಹೋಗುತ್ತದೆ. ಡಿಸೆಂಬರ್-ಜನವರಿಯಲ್ಲಿ ಅದೇ ಮರ ಶೇ. 12ರ ಆಸುಪಾಸಿಗೆ ಇಳಿಯುತ್ತದೆ. ನೀರು ಕುಡಿದ ಮರದ ಮೇಲೆ ಬಣ್ಣ ಮುಚ್ಚಿದರೆ ಬೇಸಿಗೆಯಲ್ಲಿ ಆ ನೀರು ಹೊರಬರಲು ದಾರಿ ಹುಡುಕುತ್ತದೆ, ಬಣ್ಣ ಗುಳ್ಳೆ ಏಳುತ್ತದೆ. ದೀಪಾವಳಿ ಕಳೆದು ಮೂಡುಗಾಳಿ ಬೀಸತೊಡಗಿದ ಮೇಲೆ ಶುರು ಮಾಡಿ ಮಾರ್ಚ್ ಒಳಗೆ ಮುಗಿಸುವುದು ಒಳ್ಳೆಯದು. ಪತ್ತನಾಜೆಯವರೆಗೆ (ಮೇ ಕೊನೆಯವರೆಗೆ) ಸಮಯ ಉಂಟಲ್ಲ ಎಂದು ಏಪ್ರಿಲ್-ಮೇಗೆ ತಳ್ಳಬೇಡಿ. ಆಗಿನ ಸೆಕೆಯಲ್ಲಿ ಬೆವರು ಹನಿ ಹಲಗೆಯ ಮೇಲೇ ಬೀಳುತ್ತದೆ, ಸಂಜೆಯ ಗುಡುಗು ಮಳೆಗೆ ಹೊತ್ತು ಗೊತ್ತೂ ಇರುವುದಿಲ್ಲ.

ದಿನದ ಹೊತ್ತಿಗೂ ಲೆಕ್ಕ ಉಂಟು. ಚಳಿಗಾಲದ ಬೆಳಿಗ್ಗೆ ಮರದ ಮೇಲೆ ಕಣ್ಣಿಗೆ ಕಾಣದ ಇಬ್ಬನಿ ಕೂತಿರುತ್ತದೆ. ಒಂಬತ್ತೂವರೆಯ ಮೇಲೆ ಶುರು, ಮಧ್ಯಾಹ್ನಕ್ಕೆ ಮುಗಿತಾಯ. ಮಲ್ಪೆ, ಉಳ್ಳಾಲದಂಥ ಕಡಲ ಬದಿಯ ಮನೆಯಾದರೆ ಮಧ್ಯಾಹ್ನದ ಕಡಲಗಾಳಿ ಉಪ್ಪು, ಮರಳು ಎರಡನ್ನೂ ಹೊತ್ತು ತರುತ್ತದೆ. ಸಂಜೆ ದೀಪ ಹಾಕಿ ಕೆಲಸ ಮಾಡಿದರೆ ಹುಳುಗಳು ಬಂದು ಅಂಟಿಕೊಳ್ಳುತ್ತವೆ.

ಈಗ ಹಳೆಯ ಲೇಪ ಯಾವುದೆಂದು ಪತ್ತೆ ಹಚ್ಚಬೇಕು. ಹತ್ತಿಯನ್ನು ಸ್ಪಿರಿಟಿನಲ್ಲಿ (ಪಾಲಿಶಿಗೆ ಬಳಸುವ ಡಿನೇಚರ್ಡ್ ಸ್ಪಿರಿಟ್) ಅದ್ದಿ ಕಾಣದ ಜಾಗದಲ್ಲಿ ಅರ್ಧ ನಿಮಿಷ ಉಜ್ಜಿ. ಅಂಟಂಟಾಗಿ ಹತ್ತಿಗೆ ಕಂದು ಹಿಡಿದರೆ ಅದು ಅರಗಿನ ಪಾಲಿಶ್. ಸ್ಪಿರಿಟಿಗೆ ಜಗ್ಗದೆ ಥಿನ್ನರಿಗೆ ಕರಗಿದರೆ ಎನ್.ಸಿ. (ನೈಟ್ರೋಸೆಲ್ಯುಲೋಸ್) ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್, ಪಿ.ಯು. (ಪಾಲಿಯುರೆಥೇನ್) ಅಥವಾ ಗಟ್ಟಿಯಾದ ಎನಾಮೆಲ್. ಅರಗನ್ನು ತೆಗೆಯುವುದು ಸುಲಭ: ಸ್ಪಿರಿಟ್ ಸವರಿ ತೆಂಗಿನ ನಾರಿನಲ್ಲಿ ಉಜ್ಜಿ ಒರೆಸಿದರೆ ಮುಗಿಯಿತು. ಸ್ಟೀಲ್ ವುಲ್ ಬೇಡ. ಅದರ ಎಳೆ ತುಂಡಾಗಿ ಮರದ ರಂಧ್ರದಲ್ಲಿ ಉಳಿದರೆ ನೀರಿನ ಪೈಂಟಿನ ಕೆಳಗೆ ತುಕ್ಕಿನ ಚುಕ್ಕೆಯಾಗುತ್ತದೆ.

ಎನಾಮೆಲನ್ನು ಪೂರ್ತಿ ಕೆರೆಯಬೇಕೆಂದಿಲ್ಲ. ಬ್ಲೇಡಿನಲ್ಲಿ ಅಡ್ಡ-ಉದ್ದ ಗೀರಿ ಸಣ್ಣ ಚೌಕಗಳನ್ನು ಮಾಡಿ, ಮೇಲೆ ಟೇಪ್ ಒತ್ತಿ ಹಚ್ಚಿ ಒಮ್ಮೆಗೇ ಎಳೆಯಿರಿ. ಚೌಕಗಳು ಟೇಪಿಗೆ ಬಾರದಿದ್ದರೆ ಹಿಡಿತ ಗಟ್ಟಿ ಇದೆ ಎಂದರ್ಥ. ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು. ಈ ಕಪಾಟಿನಲ್ಲಿ ಬಾಗಿಲಿನ ಕೆಳಗಿನ ಒಂದು ಅಡಿ ಮಾತ್ರ ಎದ್ದು ಬಂತು. ನೆಲ ಒರೆಸುವಾಗ ನೀರು ತಾಗುವ ಜಾಗ ಅದು. ಅಷ್ಟನ್ನೇ ಮರ ಕಾಣುವವರೆಗೆ ತೆಗೆದದ್ದು.

ಹಳೆಯ ಎನಾಮೆಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಮನೆಬಳಕೆಯ ಪೈಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ, ಮುಖ್ಯವಾಗಿ ಹಳದಿ, ಕೆಂಪು, ಹಸಿರುಗಳಲ್ಲಿ, ಸೀಸ ಇದ್ದೀತು ಎಂದೇ ಇಟ್ಟುಕೊಳ್ಳಬೇಕು. ಒಣ ಉಜ್ಜು ಬೇಡ, ಮೆಶಿನ್ ಅಂತೂ ಬೇಡವೇ ಬೇಡ. ವಾಟರ್ ಪೇಪರ್ ತಂದು ಒದ್ದೆ ಮಾಡಿಕೊಂಡು ಉಜ್ಜಿ, ಆ ಕೆಸರನ್ನು ಹಳೆ ಬಟ್ಟೆಯಲ್ಲಿ ಒರೆಸಿ ಕಟ್ಟಿ ಬಿಸಾಡಿ. ತೆಂಗಿನ ಬುಡಕ್ಕೆ ಚೆಲ್ಲಬೇಡಿ. ಬಿಸಿಗಾಳಿಯ ಗನ್ನಿನಿಂದ ಕಾಯಿಸಿ ಕೆರೆಯುವುದೂ ಸೀಸದ ಬಣ್ಣಕ್ಕೆ ಸಲ್ಲ. ಮಕ್ಕಳು, ಗರ್ಭಿಣಿಯರು ಆ ಬದಿಗೆ ಸುಳಿಯಬಾರದು.

ಗೇರೆಣ್ಣೆಯ ಹಿಂಬದಿಗೆ ಕೈ ಹಾಕದಿರುವುದೇ ಜಾಣತನ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಮಾಡಿನ ಪಕ್ಕಾಸು, ರೀಪು, ದೋಣಿಗೆಲ್ಲ ಹಚ್ಚುವುದು ಇಲ್ಲಿನ ಹಳೆಯ ಕ್ರಮ. ಗೆದ್ದಲು ಬಾರದಂತೆ ಕಾಯುವುದರಲ್ಲಿ ಅದು ಈಗಲೂ ಕಡಿಮೆಯೇನಲ್ಲ. ಆದರೆ ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಉಜ್ಜಿದ ಪುಡಿ ಕಣ್ಣಿಗೆ, ಮೂಗಿಗೆ ಹೋದರೆ ಇನ್ನೂ ಕಷ್ಟ. ಅದರ ಮೇಲೆ ಪೈಂಟ್ ಹಿಡಿಯುವುದಿಲ್ಲ. ಹಿಡಿದರೂ ಕಪ್ಪು ಕಲೆ ಮೇಲೆ ಬರುತ್ತದೆ. ಹಿಂಬದಿ ಹೇಗೂ ಗೋಡೆಗೆ ಮುಖ ಮಾಡಿರುತ್ತದೆ. ಅಂಚಿನಿಂದ ಬದಿಗೆ ಇಳಿದ ಎಣ್ಣೆಯ ಗೆರೆಗಳಿದ್ದರೆ ಮಾತ್ರ ಗ್ಲೌಸ್ ಹಾಕಿ, ಕೀಸುಳಿಯಲ್ಲಿ ಮೇಲ್ಪದರ ತೆಗೆದು, ಥಿನ್ನರಿನಲ್ಲಿ ಒರೆಸಿ.

ಕುಟ್ಟೆಹುಳು ಉಂಟೋ ಎಂದು ನೋಡಲು ಕಪಾಟಿನ ಕೆಳಗೆ ಕಪ್ಪು ಕಾಗದ ಹಾಸಿ ಒಂದು ವಾರ ಬಿಡಿ. ಮೈದಾದಂಥ ನುಣ್ಣನೆ ಪುಡಿ ಹೊಸದಾಗಿ ಬಿದ್ದಿದ್ದರೆ ಹುಳು ಜೀವಂತ. ಪುಡಿ ಇಲ್ಲದ ಬರೀ ತೂತುಗಳು ಹಳೆಯ ಕಥೆ, ಅದಕ್ಕೆ ಹೆದರಬೇಕಾಗಿಲ್ಲ. ಹುಳು ಹೆಚ್ಚಾಗಿ ಬಿಳಿಯ ಹೊರಮರಕ್ಕೆ ಬೀಳುತ್ತದೆ, ಹಳದಿ ತಿರುಳಿಗೆ ಹೋಗುವುದು ಕಡಿಮೆ. ಲೀಟರ್ ಬಿಸಿನೀರಿಗೆ ಬೋರಾಕ್ಸ್ 60 ಗ್ರಾಂ, ಬೋರಿಕ್ ಪುಡಿ 40 ಗ್ರಾಂ ಕರಗಿಸಿ, ಬರಿಮರದ ಮೇಲೆ ಎರಡು ಸಲ ಸವರಿ, ತೂತುಗಳಿಗೆ ಸಿರಿಂಜಿನಲ್ಲಿ ಹಾಕಿ. ಲೇಪ ಇರುವಲ್ಲಿ ಇದು ಒಳಗಿಳಿಯುವುದಿಲ್ಲ. ಸೀಮೆಎಣ್ಣೆಯಲ್ಲಿ ಕಲಸಿದ ಮದ್ದು ಹಾಕುವವರೂ ಇದ್ದಾರೆ. ಕೆಲಸವೇನೋ ಆಗುತ್ತದೆ, ಆದರೆ ಎಣ್ಣೆಯ ಪಸೆ ಪೂರ್ತಿ ಆರುವವರೆಗೆ ಅರಗಾಗಲಿ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ಕೋಟ್) ಆಗಲಿ ಹಿಡಿಯುವುದಿಲ್ಲ. ವಾಸನೆ ಮೂಗಿಗೆ ಬರುತ್ತಿದೆ ಎಂದರೆ ಆರಿಲ್ಲ.

ಕಬ್ಬಿಣದ ಮೊಳೆ, ತಿರುಪುಗಳ ಸುತ್ತ ಕಪ್ಪಗಾಗಿದ್ದರೆ ಅದು ಕೊಳೆಯಲ್ಲ, ಮರದ ಒಗರಿಗೆ ತುಕ್ಕು ಸೇರಿ ಆದ ಕಲೆ. ಉಜ್ಜಿದರೆ ಹೋಗುವುದಿಲ್ಲ, ಆಳಕ್ಕೆ ಇಳಿದಿರುತ್ತದೆ. ಆಕ್ಸಾಲಿಕ್ ಆಸಿಡಿನ ಹರಳು 50 ಗ್ರಾಂ ಒಂದು ಲೀಟರ್ ಬಿಸಿನೀರಿಗೆ ಹಾಕಿ ಬ್ರಶ್ಶಿನಲ್ಲಿ ಸವರಿದರೆ ಕಪ್ಪು ಕಣ್ಣೆದುರೇ ತಿಳಿಯಾಗುತ್ತದೆ. ಆಮೇಲೆ ಶುದ್ಧ ನೀರಿನಲ್ಲಿ ಎರಡು ಮೂರು ಸಲ ಒರೆಸಿ ಒಣಗಿಸಬೇಕು. ಹರಳು ಉಳಿದರೆ ಮೇಲಿನ ಲೇಪ ಕೆಡುತ್ತದೆ, ಮುಂದೆ ಉಜ್ಜುವಾಗ ಪುಡಿ ಗಂಟಲು ಕೆರೆಯುತ್ತದೆ. ಇದು ವಿಷ, ಗ್ಲೌಸ್ ಬೇಕು. ಬಿಂಬುಳಿ ಕಾಯಿಯಲ್ಲಿರುವುದೂ ಇದೇ ಹುಳಿ. ಹಿತ್ತಾಳೆಯ ಹಿಡಿಕೆಗೆ ಬಿಂಬುಳಿ ಉಜ್ಜಿದರೆ ಸಾಕು, ಪಳಪಳ ಆಗುತ್ತದೆ. ಮರದ ಕಲೆಗೆ ಮಾತ್ರ ಅಂಗಡಿಯ ಹರಳೇ ಬೇಕು.

ಬರಿಮರಕ್ಕೆ ಉಜ್ಜು ಕಾಗದ 80ರಿಂದ ಶುರು, ಅಲ್ಲಿಂದ 120, ಕೊನೆಗೆ 180 (ನಂಬರ್ ಹೆಚ್ಚಿದಷ್ಟೂ ಕಾಗದ ನುಣುಪು). ಪೈಂಟಿನ ಕೆಲಸಕ್ಕೆ ಅದಕ್ಕಿಂತ ನುಣುಪು ಮಾಡಿದರೆ ಪ್ರೈಮರಿಗೆ ಹಿಡಿತ ಸಿಗುವುದಿಲ್ಲ. ಎಳೆಯ ಉದ್ದಕ್ಕೇ ಉಜ್ಜಬೇಕು. ನಡುವೆ ಒಂದು ನಂಬರ್ ಹಾರಿಸಿದರೆ 80ರ ಗೀರು ಹಾಗೇ ಉಳಿದು ಬಣ್ಣದ ಹೊಳಪಿನಲ್ಲಿ ಎದ್ದು ಕಾಣುತ್ತದೆ. ತೂತು, ಬಿರುಕಿಗೆ ಮರದ ಪುಟ್ಟಿ. ಗೋಡೆಗೆ ಹಾಕುವ ಸಿಮೆಂಟ್ ಪುಟ್ಟಿ ಮರದ ಜೊತೆ ಹಿಗ್ಗಿ ಕುಗ್ಗುವುದಿಲ್ಲ, ಒಂದು ಮಳೆಗಾಲಕ್ಕೆ ಚಕ್ಕೆಯಾಗಿ ಬೀಳುತ್ತದೆ. ಆಳದ ಗುಂಡಿಯಾದರೆ ಗರಗಸದ ಪುಡಿ ಮತ್ತು ಫೆವಿಕಾಲ್ ಕಲಸಿ ತುಂಬಿ, ಮೇಲೆ ತೆಳ್ಳಗೆ ಪುಟ್ಟಿ.

ಪುಟ್ಟಿ ಹಾಕಲೇಬಾರದ ಜಾಗವೊಂದುಂಟು. ಬಾಗಿಲಿನ ನಡುವಿನ ಹಲಗೆ ಚೌಕಟ್ಟಿನ ಗಾಡಿಯಲ್ಲಿ ಸಡಿಲವಾಗಿ ಕೂತಿರುತ್ತದೆ, ಅಂಟು ಹಾಕಿರುವುದಿಲ್ಲ. ಹಿಗ್ಗಲಿ, ಕುಗ್ಗಲಿ ಎಂದೇ ಆಚಾರಿಗಳು ಹಾಗೆ ಮಾಡಿರುವುದು. ಒಂದು ಅಡಿ ಅಗಲದ ಹಲಗೆ ಜನವರಿಯಿಂದ ಜುಲೈಗೆ ಎರಡು ಮೂರು ಮಿಲಿಮೀಟರ್ ಅಗಲವಾಗುತ್ತದೆ. ಸಂದು ಅಸಹ್ಯ ಕಾಣುತ್ತದೆಂದು ಪುಟ್ಟಿ ತುಂಬಿ ಬಣ್ಣ ಹೊಡೆದರೆ ಒಂದೋ ಪುಟ್ಟಿ ಸೀಳುತ್ತದೆ, ಇಲ್ಲವೇ ಹಲಗೆಯೇ ನಡುವೆ ಬಿರಿಯುತ್ತದೆ. ಸಂದನ್ನು ತೆರೆದೇ ಬಿಡಿ. ಒಣಗಾಲದಲ್ಲಿ ಹಲಗೆ ಕುಗ್ಗಿರುವಾಗ ತೆಳು ಬ್ರಶ್ಶಿನಿಂದ ಗಾಡಿಯೊಳಗಿನ ಅಂಚಿಗೂ ಬಣ್ಣ ತಲುಪಿಸಿ. ಮಳೆಗಾಲದಲ್ಲಿ ಬಳಿದ ಬಾಗಿಲುಗಳಿಗೆ ಚಳಿಗಾಲ ಬಂದೊಡನೆ ಅಂಚಿನಲ್ಲಿ ಬಣ್ಣವಿಲ್ಲದ ಪಟ್ಟಿ ಹೊರಗೆ ಬರುವುದು ಇದನ್ನು ಮಾಡದ್ದರಿಂದಲೇ.

ಇನ್ನು ಹಳದಿಗೆ ಮದ್ದು. ಉಜ್ಜಿದ ಮರವನ್ನು ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ಒರೆಸಿ ನೋಡಿ, ಹಳದಿ ಹಿಡಿಯಿತೆಂದರೆ ಅರಗು ಬೇಕೇ ಬೇಕು. ನೀರಿನಲ್ಲಿ ಕರಗುವ ಬಣ್ಣವನ್ನು ನೀರಿಲ್ಲದ ಪದರದಿಂದ ಬಂಧಿಸುವುದು, ಇಷ್ಟೇ ತತ್ವ. ಅರಗಿನ ಚಕ್ಕೆ ಮಂಗಳೂರಿನ ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಒಂದು ಲೀಟರ್ ಸ್ಪಿರಿಟಿಗೆ 180 ಗ್ರಾಂ ಚಕ್ಕೆ ಹಾಕಿ ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ನೆನೆಸಿ, ಆಗಾಗ ಕುಲುಕಿ, ತೆಳು ಬಟ್ಟೆಯಲ್ಲಿ ಸೋಸಬೇಕು. ಕಬ್ಬಿಣದ ಡಬ್ಬಿಯಲ್ಲಿ ನೆನೆಸಿದರೆ ಅರಗು ಕಪ್ಪಾಗುತ್ತದೆ. ಸಾಮಾನ್ಯ ಅರಗಿನಲ್ಲಿ ಸ್ವಲ್ಪ ಮೇಣ ಇರುತ್ತದೆ. ಅಲುಗಾಡಿಸದೆ ಒಂದೆರಡು ದಿನ ಬಿಟ್ಟರೆ ಅದು ಮೋಡದಂತೆ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಮೇಣ ಇರುವ ಅರಗಿನ ಮೇಲೆ ನೀರಿನ ಪೈಂಟ್, ಪಿ.ಯು. ಸರಿಯಾಗಿ ಕೂರುವುದಿಲ್ಲ, ಉಗುರು ತಾಗಿದರೂ ಸಿಪ್ಪೆ ಏಳುತ್ತದೆ.

ಕಲಸಿದ ಅರಗು ಹಳತಾದರೆ ಒಣಗುವುದಿಲ್ಲ. ಗಾಜಿನ ಮೇಲೆ ಒಂದು ಹನಿ ಹಾಕಿ ನೋಡುವುದು ರೂಢಿ. ಇಪ್ಪತ್ತು ನಿಮಿಷ ಕಳೆದರೂ ಬೆರಳಿಗೆ ಅಂಟಿದರೆ ಚೆಲ್ಲಿಬಿಡಿ. ಸ್ಪಿರಿಟಿನ ಬಾಟಲಿಯ ಮುಚ್ಚಳ ತೆರೆದಿಟ್ಟರೆ ಅದು ಗಾಳಿಯ ನೀರು ಕುಡಿಯುತ್ತದೆ, ಆ ಅರಗು ಹಚ್ಚಿದಲ್ಲಿ ಬೆಳ್ಳಗಾಗುತ್ತದೆ. ಮಳೆಗಾಲದಲ್ಲಿ ಲ್ಯಾಕರ್, ಅರಗು ಬಿಳಿಚಿಕೊಳ್ಳುವ ಕಾರಣವೂ ಹತ್ತಿರದ್ದೇ: ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಹನಿಗಟ್ಟುತ್ತದೆ.

ಅಗಲದ ಬ್ರಶ್ಶಿನಿಂದ ಉದ್ದುದ್ದ ಎಳೆದು, ಹಿಂದೆ ತಿರುಗಿ ಉಜ್ಜದೆ ಒಂದು ಕೋಟ್. ಒಂದು ಗಂಟೆ ಬಿಟ್ಟು 220ರಲ್ಲಿ ಹಗುರಕ್ಕೆ ಸವರಿ ಎರಡನೆಯದು. ಗಂಟು, ಹಲಗೆಯ ತುದಿ, ಕಪಾಟಿನ ಕಾಲಿನ ಅಡಿ, ಈ ಮೂರಕ್ಕೆ ಮೂರನೆಯ ಕೋಟೂ ಬೇಕು. ಕಾಲಿನ ಅಡಿಯನ್ನು ಯಾರೂ ನೋಡುವುದಿಲ್ಲ, ಮರ ನೆಲದ ಪಸೆಯನ್ನು ಎಳೆದುಕೊಳ್ಳುವುದು ಮಾತ್ರ ಅಲ್ಲಿಂದಲೇ. ಬಾಗಿಲಿನ ಕೆಳಗಿನ ಒಂದು ಅಡಿಯ ಬಣ್ಣ ಎದ್ದು ಬಂದದ್ದಕ್ಕೂ ಅದಕ್ಕೂ ಸಂಬಂಧ ಉಂಟು. ಈ ಕೆಲಸ ಮಾಡುವಾಗ ದೇವರ ದೀಪ, ಗ್ಯಾಸ್ ಒಲೆ ಆರಿಸಿರಬೇಕು, ಕಿಟಕಿ ತೆರೆದಿರಬೇಕು. ಸ್ಪಿರಿಟಿನ ಬೆಂಕಿ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ.

ಬಾಗಿಲುಗಳ ಒಳಮೈ ಬಿಟ್ಟು, ಕಪಾಟಿನ ಒಳಗೆ ಇಷ್ಟಕ್ಕೇ ನಿಲ್ಲಿಸಿ ಎಂಬುದು ನನ್ನ ಅಭಿಪ್ರಾಯ. ಎಣ್ಣೆ ಎನಾಮೆಲ್ ಮುಚ್ಚಿದ ಕತ್ತಲಲ್ಲಿ ಹಳದಿಯಾಗುತ್ತದೆ, ಬಟ್ಟೆಗೆ ತಿಂಗಳುಗಟ್ಟಲೆ ವಾಸನೆ ಹತ್ತುತ್ತದೆ, ಮಳೆಗಾಲದಲ್ಲಿ ಬೂಸ್ಟಿಗೆ ಆಹಾರವೂ ಆಗುತ್ತದೆ. ಅರಗಿಗೆ ವಾಸನೆ ಉಳಿಯುವುದಿಲ್ಲ. ಹಳೆಯ ಪೆಟ್ಟಿಗೆಗಳ ಒಳಗೆ ಅರಗು ಮಾತ್ರ ಇರುತ್ತಿದ್ದುದು ಸುಮ್ಮನೆ ಅಲ್ಲ.

ಹೊರಗೆ ಬಿಳಿಯ ವುಡ್ ಪ್ರೈಮರ್ ಒಂದು ಕೋಟ್, ಟರ್ಪೆಂಟೈನ್ ನೂರಕ್ಕೆ ಹತ್ತು. ಡಬ್ಬಿಯ ಮೇಲೆ ಎಂಟು ಗಂಟೆ ಎಂದು ಬರೆದಿದ್ದರೂ ಕರಾವಳಿಯಲ್ಲಿ ಒಂದು ಪೂರ್ತಿ ದಿನ ಬಿಡಿ. ಉಜ್ಜುವಾಗ ಪುಡಿಯಾಗಿ ಉದುರಿದರೆ ಒಣಗಿದೆ, ಕಾಗದಕ್ಕೆ ಉಂಡೆಗಟ್ಟಿ ಹತ್ತಿದರೆ ಇನ್ನೂ ಹಸಿ. ಪ್ರೈಮರ್ ಹಾಕಿದ ಮೇಲೆ ಕಾಣದಿದ್ದ ಸಣ್ಣ ಗುಂಡಿಗಳೆಲ್ಲ ಕಾಣುತ್ತವೆ. ಪುಟ್ಟಿ ಎರಡನೆಯ ಸಲ ಹಾಕುವುದು ಆಗಲೇ.

ಬಣ್ಣದ ಲೆಕ್ಕ ಹೀಗೆ. ಮುಂಭಾಗ 18 ಚದರಡಿ, ಎರಡು ಬದಿ ಸೇರಿ 18, ಮೇಲ್ಭಾಗ ನಾಲ್ಕೂವರೆ, ಬಾಗಿಲುಗಳ ಒಳಮೈ 18. ಒಟ್ಟು ಸುಮಾರು 58. ಎರಡು ಕೋಟಿಗೆ 116. ಲೀಟರಿಗೆ ಒಂದು ಕೋಟಿನಲ್ಲಿ 100ರಿಂದ 130 ಚದರಡಿ ಎಂದು ಇಟ್ಟುಕೊಂಡರೆ ಹೆಚ್ಚುಕಡಿಮೆ ಒಂದು ಲೀಟರ್ ಎನಾಮೆಲ್ ಸಾಕು, ಪ್ರೈಮರ್ ಅರ್ಧ ಲೀಟರ್. ಬಿಳಿ ಅಥವಾ ತಿಳಿ ಬಣ್ಣವಾದರೆ ನೀರಿನ ಎನಾಮೆಲ್ ಕೊಳ್ಳಿ, ಹಳದಿಗಟ್ಟುವುದಿಲ್ಲ. ಗಾಢ ಹಸಿರೋ ಕಾವಿಯೋ ಆದರೆ ಎಣ್ಣೆಯದ್ದರ ಮೈ ಚಂದ. ಹೈ ಗ್ಲಾಸ್ (ಪಳಪಳ ಹೊಳೆಯುವ ಬಣ್ಣ) ಬೇಡ, ಹಳೆ ಮರದ ಒಂದೊಂದು ಉಬ್ಬುತಗ್ಗನ್ನೂ ಅದು ಊರಿಗೆಲ್ಲ ತೋರಿಸುತ್ತದೆ. ಹದವಾದ ಹೊಳಪಿನ ಸ್ಯಾಟಿನ್ ಸಾಕು.

ಡಬ್ಬಿಯನ್ನು ಕುಲುಕದೆ ತಳದಿಂದ ಕೋಲಿನಲ್ಲಿ ಕದಡಿ, ಕುಲುಕಿದರೆ ಗುಳ್ಳೆ. ಬ್ರಶ್ಶಿನ ಮೂರನೇ ಒಂದು ಭಾಗ ಮಾತ್ರ ಅದ್ದಿ. ಮೊದಲು ನಡುವಿನ ಹಲಗೆ, ಆಮೇಲೆ ಚೌಕಟ್ಟಿನ ಅಡ್ಡಪಟ್ಟಿ, ಕೊನೆಗೆ ಉದ್ದಪಟ್ಟಿ. ಈ ಕ್ರಮದಲ್ಲಿ ಹೋದರೆ ಬ್ರಶ್ಶಿನ ಗೀರು ಮರದ ಎಳೆಯ ದಿಕ್ಕಿನಲ್ಲೇ ಕೊನೆಯಾಗುತ್ತದೆ. ಬಾಗಿಲು ಬಿಚ್ಚಿ ಅಡ್ಡ ಮಲಗಿಸಿ ಹಚ್ಚಿದರೆ ಬಣ್ಣ ಇಳಿಯುವುದಿಲ್ಲ. ಮೂಲೆಗಳಲ್ಲಿ ನಿಂತ ಹನಿಯನ್ನು ಹತ್ತು ನಿಮಿಷದೊಳಗೆ ಒಣ ಬ್ರಶ್ಶಿನಿಂದ ಎತ್ತಿಬಿಡಿ, ತಡವಾದರೆ ಮುಟ್ಟಬೇಡಿ, ಒಣಗಿದ ಮೇಲೆ ಉಜ್ಜಿಕೊಳ್ಳಬಹುದು. ಎರಡು ಕೋಟುಗಳ ನಡುವೆ 320ರ ಕಾಗದದಲ್ಲಿ ಹಗುರಕ್ಕೆ ಉಜ್ಜಿ.

ಬೆರಳಿಗೆ ಒಣಗಿದೆ ಎನಿಸಿದ ಬಣ್ಣ ಒಳಗೆ ಗಟ್ಟಿಯಾಗಲು ವಾರಗಳೇ ಬೇಕು. ಬಾಗಿಲು ಜೋಡಿಸಿದ ದಿನವೇ ಚಿಲಕ ಹಾಕಿದರೆ ಬಣ್ಣಕ್ಕೆ ಬಣ್ಣ ಅಂಟಿ, ತೆರೆಯುವಾಗ ಸಿಪ್ಪೆ ಬರುತ್ತದೆ. ಒಂದು ವಾರ ತೆರೆದಿಟ್ಟು, ಮತ್ತೆ ತಾಗುವ ಅಂಚುಗಳಿಗೆ ಮೇಣದ ಬತ್ತಿ ಉಜ್ಜಿ ಮುಚ್ಚಿ. ಕಬ್ಬಿಣದ ತಿರುಪುಗಳನ್ನು ವಾಪಸು ಹಾಕಬೇಡಿ, ಹಿತ್ತಾಳೆ ಅಥವಾ 304 ಸ್ಟೀಲಿನವು (ತುಕ್ಕು ಹಿಡಿಯದ ಸ್ಟೇನ್‌ಲೆಸ್) ಬೇಕು. ತೂತು ಸಡಿಲಾಗಿದ್ದರೆ ಬಿದಿರಿನ ಸೀಳಿಗೆ ಫೆವಿಕಾಲ್ ಸವರಿ ತುಂಬಿ, ಮರುದಿನ ತಿರುಪು ತಿರುಗಿಸಿ. ಎರಡು ಬಾಗಿಲುಗಳ ನಡುವೆ, ಚೌಕಟ್ಟಿನ ಸುತ್ತ ಎರಡು ಮಿಲಿಮೀಟರ್ ಸಂದು ಇರಲಿ. ಒಂದು ರೂಪಾಯಿ ನಾಣ್ಯ ಸಲೀಸಾಗಿ ತೂರಿದರೆ ಸರಿ.

ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆಯಿಂದ ಕಪಾಟು ಮೂರು ಇಂಚು ದೂರ ನಿಲ್ಲಲಿ, ಕಾಲಿನಡಿಗೆ ಗ್ರಾನೈಟಿನ ತುಂಡೋ ರಬ್ಬರಿನ ಬುಶ್ಶೋ ಇರಲಿ. ಜುಲೈಯಲ್ಲಿ ಬಾಗಿಲು ಬಿಗಿಯಾದರೆ ಕೀಸುಳಿ ತೆಗೆದುಕೊಂಡು ಹೊರಡಬೇಡಿ. ಆಗ ಕೀಸಿದ ಬಾಗಿಲು ಜನವರಿಯಲ್ಲಿ ಬೆರಳು ಹೋಗುವಷ್ಟು ಸಂದು ಬಿಡುತ್ತದೆ, ಕೀಸಿದ ಅಂಚಿನ ಬರಿಮರ ಉಳಿದ ಮಳೆಗಾಲವೆಲ್ಲ ನೀರು ಕುಡಿಯುತ್ತದೆ. ತಾಗುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಮೇಣ ಉಜ್ಜಿ ಸುಧಾರಿಸಿ. ಡಿಸೆಂಬರಿನಲ್ಲೂ ತಾಗಿದರೆ ಮಾತ್ರ ಒಂದು ಎಳೆ ತೆಗೆದು, ಅದೇ ದಿನ ಅಂಚಿಗೆ ಅರಗು ಹಚ್ಚಿ, ಅದು ಒಣಗಿದ ಮೇಲೆ ಪ್ರೈಮರ್, ಪ್ರೈಮರ್ ಒಣಗಿದ ಮೇಲೆ ಬಣ್ಣ ಹಚ್ಚಿ. ಅದಕ್ಕೆಂದು ಉಳಿದ ಬಣ್ಣವನ್ನು ತಗಡಿನ ಡಬ್ಬಿಯಲ್ಲೇ ಇಡಬೇಡಿ. ಇಲ್ಲಿನ ಉಪ್ಪುಗಾಳಿಗೆ ಅಂಚು ತುಕ್ಕು ಹಿಡಿದು, ಮುಚ್ಚಳ ತೆರೆದ ಕೂಡಲೇ ತುಕ್ಕಿನ ಪುಡಿ ಬಣ್ಣಕ್ಕೆ ಬೀಳುತ್ತದೆ. ಕುತ್ತಿಗೆಯವರೆಗೆ ತುಂಬುವಂಥ ಸಣ್ಣ ಉಪ್ಪಿನಕಾಯಿ ಬಾಟಲಿಗೆ ಸೋಸಿ ಹಾಕಿ, ಶೇಡಿನ ನಂಬರ್ ಮತ್ತು ತಿಂಗಳು ಬರೆದ ಚೀಟಿ ಅಂಟಿಸಿ, ಕತ್ತಲಲ್ಲಿ ಇಡಿ.